ಸ್ಕ್ಯಾನ್ ನಾರ್ಮಲ್ ಬಂತು ಅಂದ್ರೆ ನಾಳೆಯಿಂದ ಡ್ಯೂಟಿ ಅಂತಲ್ಲ

ಭಾಗ 1/5

ನಮ್ಮ ಕ್ಲಾಸಲ್ಲಿ ಸುಮಾರು ಜನ ಬೆಳಿಗ್ಗೆ ಕಾಲೇಜು, ಸಂಜೆ ಕೆಲಸ. ಒಬ್ಬರು ಆಡಿಟರ್ ಆಫೀಸಲ್ಲಿ ಟ್ಯಾಲಿ ಎಂಟ್ರಿ, ಒಬ್ಬರು ಬಟ್ಟೆ ಅಂಗಡಿ ಬಿಲ್ಲಿಂಗ್, ಇನ್ನೊಬ್ಬರು ರಾತ್ರಿ ಹನ್ನೊಂದರ ತನಕ ಡೆಲಿವರಿ. ಎಲ್ಲರೂ ಗಾಡಿ ಮೇಲೆ ಓಡಾಡೋರೇ. ಹಾಗಾಗಿ ಬಿದ್ದು ತಲೆಗೆ ಪೆಟ್ಟಾಗೋದು ನಮಗೆ ದೂರದ ವಿಷಯ ಏನಲ್ಲ. ಬಿದ್ದು ಎರಡು ದಿನ ಆಗಿರಲ್ಲ, ಎಲ್ಲರದ್ದೂ ಒಂದೇ ಪ್ರಶ್ನೆ: ಯಾವಾಗಿಂದ ಕೆಲಸಕ್ಕೆ?

ಈ ಪ್ರಶ್ನೆಗೆ ಸದ್ಯ ಉತ್ತರ ಕೊಡ್ತಿರೋದು ಮೂರು: ಸ್ಕ್ಯಾನ್ ರಿಪೋರ್ಟು, ಓನರ್ ಫೋನು, ತಿಂಗಳ ಬಾಡಿಗೆ. ಪೆಟ್ಟು ತಿಂದ ತಲೆಯನ್ನ ಮಾತ್ರ ಯಾರೂ ಕೇಳಲ್ಲ. ನನ್ನ ವಾದ ಸರಳ. ಮೊದಲು ನಿಮ್ಮ ಕೆಲಸ ತಲೆಯಿಂದ ಏನು ಕೇಳುತ್ತೆ ಅಂತ ನೋಡಿ. ತಲೆ ಅದನ್ನ ಎಷ್ಟು ಹೊತ್ತು ತಡೆಯುತ್ತೋ ಅಷ್ಟೇ ಹೊತ್ತಿಂದ ಶುರು ಮಾಡಿ. ವಾಪಸ್ ಹೋಗೋದಕ್ಕೆ ಒಂದು ತಾರೀಖು ಸಾಕಾಗಲ್ಲ, ನಾಲ್ಕೈದು ಮೆಟ್ಟಿಲು ಬೇಕು.

ಭಾಗ 2/5

ಕನ್ಕಷನ್ ಅಂದ್ರೆ ಪೆಟ್ಟಿಗೆ ಮೆದುಳು ತಲೆಬುರುಡೆಯ ಒಳಗೇ ಅಲುಗಾಡಿ, ಅದರ ಕೆಲಸ ಕೆಲವು ದಿನ ಏರುಪೇರಾಗೋದು. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ಹೆಚ್ಚಿನವರಿಗೆ ತಪ್ಪೋದೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು-ಸದ್ದು ಆಗದೇ ಇರೋದು, ಓದಿದ್ದು ತಲೆಗೆ ಹತ್ತದೇ ಇರೋದು, ಸುಮ್ಮಸುಮ್ಮನೆ ಸಿಟ್ಟು, ನಿದ್ದೆ ಕೆಡೋದು. ಇವೇ ಲಕ್ಷಣ.

ಸಿಟಿ ಸ್ಕ್ಯಾನ್ ಹುಡುಕೋದು ರಕ್ತಸ್ರಾವ, ಮೂಳೆ ಬಿರುಕು ಇಂಥವನ್ನ. ಅವು ಇಲ್ಲ ಅಂತ ಗೊತ್ತಾಗೋದು ದೊಡ್ಡ ಸಮಾಧಾನ, ಒಪ್ತೀನಿ. ಆದ್ರೆ ಕನ್ಕಷನ್ ಸಾಮಾನ್ಯವಾಗಿ ಅದರಲ್ಲಿ ಕಾಣಿಸೋದೇ ಇಲ್ಲ. ರಿಪೋರ್ಟ್ ನಾರ್ಮಲ್, ಮನುಷ್ಯ ನಾರ್ಮಲ್ ಅಲ್ಲ. ಎರಡೂ ಒಟ್ಟಿಗೆ ನಿಜ ಆಗಬಹುದು.

ನಮ್ಮ ದೊಡ್ಡಮ್ಮನ ಮಗ ಒಂದು ಹಾರ್ಡ್‌ವೇರ್ ಅಂಗಡೀಲಿ ಬಿಲ್ಲಿಂಗ್ ನೋಡ್ಕೋತಾನೆ. ಹೋದ ವರ್ಷ ಹಂಪ್ ಕಾಣದೆ ಗಾಡಿಯಿಂದ ಬಿದ್ದ. ಸ್ಕ್ಯಾನ್ ಕ್ಲಿಯರ್. ನಾಲ್ಕನೇ ದಿನ ಅಂಗಡಿಯಿಂದ ಫೋನ್: "ರಿಪೋರ್ಟಲ್ಲಿ ಏನೂ ಇಲ್ವಲ್ಲಪ್ಪ, ಬಾ." ಹೋದ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಮುಂದೆ ಕಣ್ಣು ಬಿಡೋಕಾಗ್ತಿರಲಿಲ್ಲ. 21 ಪೈಪಿನ ಬಿಲ್ಲನ್ನ 12 ಅಂತ ಹೊಡೆದ. ಒಂಬತ್ತು ಪೈಪಿನ ದುಡ್ಡು ಅವನ ಸಂಬಳದಲ್ಲೇ ಕಟ್. ರಜೆ ಕೊಡದೆ ಉಳಿಸಿದ್ದೇನು, ನೀವೇ ಲೆಕ್ಕ ಹಾಕಿ.

ಇದನ್ನ ಸೇವ್ ಮಾಡಿಟ್ಕೊಳ್ಳಿ: ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಹೆಚ್ಚಾಗ್ತಾನೇ ಹೋಗೋ ತಲೆನೋವು, ಎಬ್ಬಿಸಿದ್ರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಮಾತು ತೊದಲೋದು, ಕೈಕಾಲು ಬಲ ಕಳ್ಕೊಳ್ಳೋದು, ಕಿವಿ-ಮೂಗಿಂದ ನೀರಿನಂಥದ್ದು ಸೋರೋದು. ಇದರಲ್ಲಿ ಒಂದು ಕಂಡ್ರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ತಕ್ಷಣ ಆಸ್ಪತ್ರೆ.

ಭಾಗ 3/5

"ಗಂಡಸ್ರು ಇಷ್ಟಕ್ಕೆಲ್ಲಾ ಮಲಗ್ತಾರಾ" ಅನ್ನೋರಿಗೆ ಕ್ರಿಕೆಟ್ ಭಾಷೆಯಲ್ಲೇ ಹೇಳ್ತೀನಿ.

2019ರ ಆಗಸ್ಟ್, ಲಾರ್ಡ್ಸ್, ಆ್ಯಶಸ್ ಟೆಸ್ಟ್. 80 ರನ್ ಹೊಡೆದಿದ್ದ ಸ್ಟೀವ್ ಸ್ಮಿತ್‌ಗೆ ಜೋಫ್ರಾ ಆರ್ಚರ್ ಬೌನ್ಸರ್ ಕುತ್ತಿಗೆ ಹತ್ತಿರ ಬಡಿಯಿತು. ಹೊರಗೆ ಹೋದ, ಪರೀಕ್ಷೆ ಮಾಡಿದ್ರು, ಪಾಸ್ ಆದ. ಅದೇ ದಿನ ಮತ್ತೆ ಬ್ಯಾಟಿಂಗಿಗೆ ಬಂದು 92ಕ್ಕೆ ಔಟಾದ. ಮರುದಿನ ಬೆಳಿಗ್ಗೆ ತಲೆನೋವು, ಮಂಪರು. ಪಂದ್ಯದಿಂದ ಹೊರಗೆ. ಅವನ ಜಾಗಕ್ಕೆ ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರ. ಮುಂದಿನ ಹೆಡಿಂಗ್ಲಿ ಟೆಸ್ಟನ್ನೂ ಸ್ಮಿತ್ ಬಿಟ್ಟ. ಅದಾದ ಮೇಲೆ ಮ್ಯಾಂಚೆಸ್ಟರ್ ಟೆಸ್ಟಿಗೆ ವಾಪಸ್ ಬಂದು 211 ಹೊಡೆದ.

ಇದರಲ್ಲಿ ಎರಡು ಪಾಠ ಇದೆ. ಒಂದು, ಲಕ್ಷಣ ಮರುದಿನ ಬರಬಹುದು, ಹಾಗಾಗಿ ಬಿದ್ದ ದಿನವೇ "ನಂಗೇನೂ ಆಗಿಲ್ಲ" ಅನ್ನೋ ತೀರ್ಪು ಕೊಡಬೇಡಿ. ಎರಡು, ಒಂದು ಟೆಸ್ಟ್ ಬಿಟ್ಟಿದ್ದಕ್ಕೆ ಅವನ ಕೆರಿಯರ್ ಮುಗೀಲಿಲ್ಲ. ಈಗಂತೂ ಐಸಿಸಿ ನಿಯಮವೇ ಇದೆ: ಪಂದ್ಯದಲ್ಲಿ ಕನ್ಕಷನ್ ಅಂತ ಖಚಿತವಾದ್ರೆ ಕನಿಷ್ಠ 7 ದಿನ ಆಡೋ ಹಾಗಿಲ್ಲ. ಕೋಟಿ ಸಂಪಾದಿಸೋ ಆಟಗಾರನ ತಲೆಗೆ ಏಳು ದಿನ, ದಿನಕ್ಕೆ ನಾನೂರು ದುಡಿಯೋ ಹುಡುಗನ ತಲೆಗೆ ಒಂದು ಭಾನುವಾರನಾ?

ಭಾಗ 4/5

ಹಾಗಂತ ತಿಂಗಳುಗಟ್ಟಲೆ ಕತ್ತಲೆ ಕೋಣೇಲಿ ಮಲಗಿ ಅಂತಾನೂ ನಾನು ಹೇಳ್ತಿಲ್ಲ. ಹಿಂದೆ ಹಾಗೇ ಹೇಳ್ತಿದ್ರು, ಈಗ ತಜ್ಞರ ಸಲಹೆ ಬದಲಾಗಿದೆ. ಕ್ರೀಡೆಯಲ್ಲಿನ ಕನ್ಕಷನ್ ಬಗ್ಗೆ 2022ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರ ಒಮ್ಮತ ಹೀಗಿದೆ: ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮನೇಲಿ ಸಣ್ಣಪುಟ್ಟ ಓಡಾಟ ಓಕೆ, ಮೊಬೈಲ್-ಲ್ಯಾಪ್‌ಟಾಪ್ ಕಮ್ಮಿ. ಆಮೇಲೆ ನಿಧಾನಕ್ಕೆ ಏರಿಸ್ತಾ ಹೋಗೋದು. ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದ ಆಸುಪಾಸಲ್ಲಿ ಸುಧಾರಿಸ್ತಾರೆ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ.

ಏರಿಸೋದು ಹೇಗೆ? ನಿಮ್ಮ ತೊಂದರೆಗೆ ಹತ್ತಕ್ಕೆ ಎಷ್ಟು ಅಂತ ನೀವೇ ಅಂಕ ಹಾಕ್ಕೊಳ್ಳಿ. ಕೆಲಸ ಶುರು ಮಾಡಿದಾಗ 1 ಇದ್ದದ್ದು 2 ಆಗಿ, ಒಂದು ಗಂಟೆಯೊಳಗೆ ಇಳಿದ್ರೆ ಪರವಾಗಿಲ್ಲ. 1 ಇದ್ದದ್ದು 5 ಆದ್ರೆ ಅವತ್ತಿಗೆ ನಿಲ್ಲಿಸಿ, ಮರುದಿನ ಒಂದು ಮೆಟ್ಟಿಲು ಕೆಳಗಿಂದ ಶುರು. ಇದನ್ನ ಡಾಕ್ಟರ್ ಜೊತೆ ಮಾತಾಡಿಯೇ ಮಾಡಿ.

ಕೆಲಸಕ್ಕೆ ತಕ್ಕಂತೆ ಮೆಟ್ಟಿಲೂ ಬೇರೆ. ಟ್ಯಾಲಿ ಕೆಲಸ ಆದ್ರೆ ಅರ್ಧ ದಿನ, ಮಧ್ಯೆ ಮಧ್ಯೆ ಸ್ಕ್ರೀನ್ ಬಿಟ್ಟು ಎದ್ದೇಳೋದು, ಎಂಟ್ರಿಯನ್ನ ಇನ್ನೊಬ್ಬರು ಚೆಕ್ ಮಾಡೋದು. ಅಂಗಡಿ ಆದ್ರೆ ರಶ್ ಇಲ್ಲದ ಬೆಳಗಿನ ಹೊತ್ತು. ಗೋಡೌನ್ ಆದ್ರೆ ಏಣಿ ಹತ್ತೋದು, ಭಾರ ಎತ್ತೋದು ಕೊನೆಗೆ. ಡೆಲಿವರಿ ಆದ್ರೆ ಮಾತ್ರ ಅರ್ಧ ಶಿಫ್ಟ್ ಅನ್ನೋ ಚೌಕಾಸಿಯೇ ಬೇಡ. ಡಾಕ್ಟರ್ ಓಕೆ ಅನ್ನೋ ತನಕ ಗಾಡಿ ಮುಟ್ಟಬೇಡಿ. ಕನ್ಕಷನ್ ಆದವರು ಬ್ರೇಕ್ ಹಿಡಿಯೋದು ತಡ ಆಗಬಹುದು. ವಾಸಿ ಆಗೋಕೆ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಮೊದಲನೆಯದಕ್ಕಿಂತ ಕಷ್ಟ.

ದೊಡ್ಡಮ್ಮನ ಮಗ ಆ ಬಿಲ್ ತಪ್ಪಾದ ಮೇಲೆ ಡಾಕ್ಟರ್ ಹತ್ರ ಚೀಟಿ ಬರೆಸ್ಕೊಂಡ. ಎರಡು ವಾರ ಅರ್ಧ ದಿನ ಹೋದ, ಆಮೇಲೆ ಫುಲ್ ಡೇ. ಅಂಗಡಿ ಮುಚ್ಚಲಿಲ್ಲ, ಅವನ ಕೆಲಸವೂ ಹೋಗಲಿಲ್ಲ.

ಭಾಗ 5/5

ಈಗ ನಿಜವಾದ ಆಕ್ಷೇಪಣೆ. "ನೀನು ಹೇಳೋದೆಲ್ಲ ಸರಿ, ರಜೆ ಹಾಕಿದ್ರೆ ದುಡ್ಡು ಯಾರು ಕೊಡ್ತಾರೆ?" ಈ ಪ್ರಶ್ನೆಯನ್ನ ನಾನು ಹಗುರವಾಗಿ ತಗೊಳ್ಳಲ್ಲ. ಮನೆ ನಡೆಸೋನಿಗೆ ಹದಿನೈದು ದಿನ ಅಂದ್ರೆ ಅರ್ಧ ತಿಂಗಳ ರೇಷನ್ನು.

ಮೊದಲು ಪೇ ಸ್ಲಿಪ್ ತೆಗೆದು ನೋಡಿ. ಇಎಸ್ಐ ಅಂತ 0.75% ಕಟ್ ಆಗ್ತಿದ್ಯಾ? ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರಿಗೆ ಇದು ಅನ್ವಯ. ಸಾಕಷ್ಟು ದಿನ ಕಂತು ಕಟ್ಟಿದ್ರೆ, ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಅನಾರೋಗ್ಯದ ರಜೆಗೆ ಸಂಬಳದ 70% ಸಿಗುತ್ತೆ, ವರ್ಷಕ್ಕೆ 91 ದಿನದ ತನಕ. ಕೆಲಸದ ವೇಳೆ ಆದ ಅಪಘಾತ ಅಂತ ಒಪ್ಪಿದ್ರೆ 90%. ಅದು ಯಾರೋ ಕೊಡೋ ಭಿಕ್ಷೆ ಅಲ್ಲ, ನಿಮ್ಮ ಸಂಬಳದಿಂದಾನೇ ಕಟ್ಟಿದ ದುಡ್ಡು. ಬಿಕಾಂ ಓದ್ತಾ ಇಎಸ್ಐ ಜರ್ನಲ್ ಎಂಟ್ರಿ ಬರೆಯೋಕೆ ಬರುತ್ತೆ, ಅದೇ ಹಕ್ಕನ್ನ ಕೇಳೋಕೆ ಬರಲ್ಲ ಅಂದ್ರೆ ಏನ್ ಪ್ರಯೋಜನ?

ಪೇ ಸ್ಲಿಪ್ಪೇ ಇಲ್ಲದೋರು ನಮ್ಮಲ್ಲಿ ಜಾಸ್ತಿ, ಗೊತ್ತು. ಅವರಿಗೆ ಈ ರಕ್ಷಣೆ ಸಿಗಲ್ಲ, ಅದು ಅನ್ಯಾಯವೇ. ಅವರು ಓನರ್‌ಗೆ ಇಷ್ಟಾದ್ರೂ ಬರೆದು ಕಳಿಸಬಹುದು: "ಸರ್, ತಲೆಗೆ ಪೆಟ್ಟಾಗಿದೆ. ಡಾಕ್ಟರ್ ಒಂದು ವಾರ ಅರ್ಧ ದಿನ ಮಾತ್ರ ಅಂದಿದ್ದಾರೆ, ಚೀಟಿ ಕಳಿಸಿದ್ದೀನಿ. ಬೆಳಿಗ್ಗೆ 10ರಿಂದ 1ರ ತನಕ ಬರ್ತೀನಿ, ಏಣಿ ಕೆಲಸ ಬೇಡ ಸರ್." ರಜೆ ಕೇಳಿದ್ರೆ ಬೇಡ ಅನ್ನೋ ಓನರ್ ಕೂಡ ಟೈಮಿಂಗ್ ಹೇಳಿದ್ರೆ ಒಪ್ಪೋ ಸಾಧ್ಯತೆ ಜಾಸ್ತಿ.

ಕಾಲೇಜಿಗೂ ಇದೇ ಮಾತು. 75% ಹಾಜರಾತಿ ಭಯಕ್ಕೆ ತಲೆ ಹಿಡ್ಕೊಂಡು ಕೊನೇ ಬೆಂಚಲ್ಲಿ ಕೂರೋದು ಓದು ಅಲ್ಲ. ಸರ್ಟಿಫಿಕೇಟ್ ಮೊದಲ ವಾರಾನೇ ಕೊಡಿ, ಸೆಮಿಸ್ಟರ್ ಕೊನೇಲಿ ಓಡಾಡಬೇಡಿ.

ಕ್ಲಾಸಲ್ಲಿ ಇನ್ನು ಮುಂದೆ ಯಾರಾದ್ರೂ ಬಿದ್ದರೆ "ಯಾವಾಗ ಬರ್ತೀಯ ಮಗಾ" ಅಂತ ಕೇಳೋದು ಬಿಡೋಣ. ನೋಟ್ಸ್ ನಾವು ಕಳಿಸೋಣ, ಗಾಡಿ ನಾವು ಓಡಿಸೋಣ, ಆಗೋದಾದ್ರೆ ಅವರ ಶಿಫ್ಟಲ್ಲಿ ಒಂದೆರಡು ದಿನ ನಾವು ನಿಲ್ಲೋಣ. ನಿಮ್ಮ ಆಫೀಸಲ್ಲಿ, ಅಂಗಡೀಲಿ ಹೀಗೆ ಅರ್ಧ ದಿನ ಕೊಟ್ಟಿದ್ದಾರಾ? ಕಾಮೆಂಟಲ್ಲಿ ಬರೀರಿ. ಗಾಡಿ ಮೇಲೆ ಕೆಲಸಕ್ಕೆ ಹೋಗೋ ಒಬ್ಬರಿಗಾದ್ರೂ ಇದನ್ನ ಕಳಿಸಿ.

#ತಲೆಪೆಟ್ಟು #ಕನ್ಕಷನ್ #ಬಿಕಾಂಬದುಕು #ಪಾರ್ಟ್‌ಟೈಮ್