ಶಾಲಾ ಸಂಸತ್ತಿಗೆ ಉತ್ತರ ಕೊಡುವವರು ಯಾರು?

ಜೂನ್ ಕಳೆದು ಪಾಠಗಳು ಒಂದು ಹದಕ್ಕೆ ಬಂದವೆಂದರೆ ಮೈಸೂರಿನ ಪ್ರೌಢಶಾಲೆಗಳಲ್ಲಿ ಚುನಾವಣೆಯ ಕಾವು ಏರುತ್ತದೆ. ಅಧಿಸೂಚನೆ, ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಲ್ಲವೂ ಉಂಟು. ಮೊಬೈಲ್ ಆ್ಯಪನ್ನೇ ಮತಯಂತ್ರ ಮಾಡಿಕೊಳ್ಳುವ ಶಾಲೆಗಳೂ ಇವೆ. ಗೆದ್ದವರಲ್ಲಿ ಒಬ್ಬರು ಮುಖ್ಯಮಂತ್ರಿ. ಉಳಿದವರಿಗೆ ಕ್ರೀಡೆ, ಆರೋಗ್ಯ, ಆಹಾರ, ಸ್ವಚ್ಛತೆಯ ಖಾತೆಗಳು. ಪ್ರಮಾಣವಚನ, ಎದೆಗೊಂದು ಬ್ಯಾಡ್ಜು, ಗುಂಪು ಫೋಟೊ. ಮರುದಿನದಿಂದ ಈ ಮಂತ್ರಿಮಂಡಲಕ್ಕೆ ಸಿಗುವ ಕೆಲಸವೆಂದರೆ ಪ್ರಾರ್ಥನೆಯಲ್ಲಿ ಸಾಲು ನೆಟ್ಟಗೆ ನಿಲ್ಲಿಸುವುದು, ಮೇಷ್ಟ್ರು ಬಾರದ ಪಿರಿಯಡ್ಡಿನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ಸ್ಟಾಫ್ ರೂಮಿನಿಂದ ಹಾಜರಿ ಪುಸ್ತಕ ತರುವುದು, ಅತಿಥಿಗಳು ಬಂದಾಗ ಹೂಗುಚ್ಛ ಹಿಡಿದು ನಿಲ್ಲುವುದು. ಮಕ್ಕಳು ತಮ್ಮ ಪರವಾಗಿ ಆರಿಸಿ ಕಳಿಸಿದವನು ವಾರದೊಳಗೆ ಮೇಷ್ಟ್ರ ಕಡೆಯವನಾಗಿರುತ್ತಾನೆ. ಚುನಾವಣೆ ಸಂಸತ್ತಿನದು, ಕೆಲಸ ಮಾತ್ರ ಹಳೆಯ ಮಾನಿಟರನದೇ.

ಇದಕ್ಕೆ ಮಕ್ಕಳ ಕೈಯಲ್ಲಿ ಅಧಿಕಾರವಿಲ್ಲದಿರುವುದೇ ಕಾರಣ ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪುವ ಮೊದಲು ಈ ಊರಿನದೇ ಒಂದು ಸಂಗತಿಯನ್ನು ನೋಡಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ಅವರನ್ನು ಜನ ಆರಿಸಿರಲಿಲ್ಲ. ಜಮೀನುದಾರರು, ವರ್ತಕರು ಎಂದು ಕರೆಸಿಕೊಂಡವರು. ಕಾನೂನು ಮಾಡುವ ಹಕ್ಕು ಅವರಿಗಿರಲಿಲ್ಲ, ಆಯವ್ಯಯಕ್ಕೆ ಮತ ಹಾಕುವ ಹಕ್ಕೂ ಇರಲಿಲ್ಲ. ಆದರೆ ದಿವಾನರು ಸಂಸ್ಥಾನದ ಆಡಳಿತದ ವರದಿಯನ್ನು ಅವರ ಮುಂದೆ ಓದಬೇಕಿತ್ತು. ಕೆರೆಯದೋ ರಸ್ತೆಯದೋ ಕಂದಾಯದ್ದೋ ಅಹವಾಲು ಬಂದರೆ ಉತ್ತರಿಸಬೇಕಿತ್ತು. ಕಲಾಪ ಅಚ್ಚಾಗುತ್ತಿತ್ತು. ಚುನಾವಣೆ ಬಂದದ್ದು ಹತ್ತು ವರ್ಷ ಕಳೆದ ಮೇಲೆ, ಶಾಸನದ ಬಲ ಬಂದದ್ದು 1923ರಲ್ಲಿ. ಅಂದರೆ ಇಲ್ಲಿ ಉತ್ತರ ಮೊದಲು ಬಂತು, ಮತಪೆಟ್ಟಿಗೆ ಆಮೇಲೆ. ನಮ್ಮ ಶಾಲಾ ಸಂಸತ್ತುಗಳು ಈ ಕ್ರಮವನ್ನು ತಿರುವುಮುರುವು ಮಾಡಿವೆ. ಮತಪೆಟ್ಟಿಗೆ ಇದೆ, ಮಂತ್ರಿಗಳಿದ್ದಾರೆ, ವಿರೋಧ ಪಕ್ಷದ ನಾಯಕನೂ ಕೆಲವೆಡೆ ಇದ್ದಾನೆ. ಅವರ ಮಾತಿಗೆ ಉತ್ತರಿಸಲೇಬೇಕಾದ ದಿವಾನರಿಲ್ಲ. ಅಧಿಕಾರ ಇಲ್ಲದ ಸಭೆಯೂ ಕೆಲಸಕ್ಕೆ ಬರುತ್ತದೆ, ಉತ್ತರ ಸಿಗದ ಸಭೆ ಬರುವುದಿಲ್ಲ.

ಉತ್ತರದ ಹೊಣೆ ಇಲ್ಲದಿದ್ದಾಗ ಚುನಾವಣೆ ಯಾವುದರ ಮೇಲೆ ನಡೆಯುತ್ತದೆ ಎಂಬುದೂ ಮುಖ್ಯ. ಮಾಡಬೇಕಾದ ಕೆಲಸವೇ ಇಲ್ಲವೆಂದ ಮೇಲೆ ಅಭ್ಯರ್ಥಿಯ ಕೆಲಸಗಾರಿಕೆಯನ್ನು ಅಳೆಯುವುದು ಹೇಗೆ? ಆಗ ಅಂಕ, ಇಂಗ್ಲಿಷ್ ಮಾತು, ಕ್ರಿಕೆಟ್, ಬೀದಿಯ ಗೆಳೆತನ, ಮನೆತನಗಳೇ ಮತ ತರುತ್ತವೆ. ಹುಡುಗ ನಾಯಕ, ಹುಡುಗಿ ಉಪನಾಯಕಿ ಎಂಬ ಲೆಕ್ಕ ಯಾರೂ ಹೇಳಿಕೊಡದೆಯೇ ಬಂದು ಕೂತಿರುತ್ತದೆ. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ತಟ್ಟೆ ಹಿಡಿದು ಕೂರುತ್ತಾರೆ ಎಂಬುದನ್ನು ಗಮನಿಸಿದರೆ ಮತ ಎಣಿಸುವ ಮೊದಲೇ ಫಲಿತಾಂಶದ ಅರ್ಧ ತಿಳಿಯುತ್ತದೆ. ಅದೇ ಆಹಾರ ಮಂತ್ರಿಗೆ ತಿಂಗಳಿಗೊಮ್ಮೆ ಬೇಳೆ ಏಕೆ ನೀರಾಯಿತು ಎಂದು ಕೇಳಿ ಉತ್ತರ ಬರೆಸಿಕೊಳ್ಳುವ ಕೆಲಸವಿದ್ದರೆ, ಎಲ್ಲರೂ ನಂಬುವ, ಅಂಜದೆ ಕೇಳುವ ಹುಡುಗಿಗೆ ಮತ ಹಾಕಲು ಒಂದು ಕಾರಣವಾದರೂ ಸಿಗುತ್ತದೆ. ಶೌಚಾಲಯದ ನೀರು, ವಿಶೇಷ ತರಗತಿ ಮುಗಿದ ಮೇಲೆ ಸಿಗದ ಬಸ್ಸು ಇವೆಲ್ಲ ಹುಡುಗಿಯರಿಗೇ ಹೆಚ್ಚು ತಾಗುವ ವಿಷಯಗಳು.

ಮಕ್ಕಳು ಕೇಳುವುದು ಬರೀ ಚಿಲ್ಲರೆ ವಿಷಯ ಎನ್ನುವವರಿಗೆ ಕುಂದಾಪುರದ ಕಡೆಯ ಅನುಭವ ಉತ್ತರ ಹೇಳುತ್ತದೆ. 1990ರ ದಶಕದಲ್ಲಿ ಅಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದಾಗ, ದುಡಿಯುವ ಮಕ್ಕಳೂ ಸೇರಿ ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕದಂಥ ಬೇಡಿಕೆಗಳನ್ನು ದೊಡ್ಡವರ ಮುಂದಿಟ್ಟರು. ಮುಂದೆ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಯೂ ಬಂತು. ವಿಚಿತ್ರವೆಂದರೆ ಹಳ್ಳಿಯ ಮಕ್ಕಳಿಗೆ ಇರುವ ಈ ಅವಕಾಶ, ಆ ಗ್ರಾಮಸಭೆಗಳು ಎಲ್ಲೆಡೆ ಸರಿಯಾಗಿ ನಡೆಯುತ್ತವೆ ಎಂದಲ್ಲ, 65 ವಾರ್ಡುಗಳ ಮೈಸೂರಿನ ಮಕ್ಕಳಿಗೆ ಆ ಮಟ್ಟಿಗೆ ರೂಢಿಯಾಗಿಲ್ಲ. ನಗರದ ಹುಡುಗಿಗೆ ಶಾಲೆಯ ಗೇಟಿನಾಚೆಯ ಕತ್ತಲ ರಸ್ತೆಯ ಬಗ್ಗೆ ಹೇಳಲು ಶಾಲಾ ಸಂಸತ್ತಲ್ಲದೆ ಬೇರೆ ಜಾಗ ಯಾವುದಿದೆ?

ರಾಜಕೀಯ ಒಳನುಗ್ಗೀತು ಎಂಬ ಭಯ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋದದ್ದು ಹೊಡೆದಾಟ, ಪಕ್ಷಗಳ ಕೈವಾಡದ ಕಾರಣಕ್ಕೇ. ಅದು ನಿಂತದ್ದೂ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹದಿನಾಲ್ಕರ ಮಗುವಿನ ಬೆರಳಿಗೆ ಶಾಯಿ ಹಚ್ಚಿ ಪ್ರಜಾಪ್ರಭುತ್ವದ ಪಾಠ ಎನ್ನುತ್ತೇವೆ, ದೇಶಕ್ಕೆ ಮತ ಹಾಕುವ ಹದಿನೆಂಟಕ್ಕೆ ಬಂದಾಗ ಕಾಲೇಜಿನಲ್ಲಿ ಅದು ಬೇಡ ಎನ್ನುತ್ತೇವೆ. ಆದರೆ ಪಕ್ಷಗಳನ್ನು ಸೆಳೆಯುವುದು ಪದವಿ, ಮೆರವಣಿಗೆ, ಹಣ. ಬೇಳೆಯ ಲೆಕ್ಕ ಕೇಳುವ ಪುಸ್ತಕದತ್ತ ಯಾವ ಪಕ್ಷವೂ ತಿರುಗಿ ನೋಡುವುದಿಲ್ಲ.

ಶಿಕ್ಷಕರ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಪಾಠ, ಬಿಸಿಯೂಟ, ಹಾಲು, ಮೊಟ್ಟೆ, ಗಣತಿ, ಆನ್‌ಲೈನ್ ಮಾಹಿತಿ, ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. ಇದರ ನಡುವೆ ಮಕ್ಕಳಿಗೂ ಜವಾಬು ಕೊಡುತ್ತ ಕೂರಬೇಕೆ ಎಂದು ಅವರು ಕೇಳಿದರೆ ತಪ್ಪಲ್ಲ. ಅದಕ್ಕೇ ಬೇಡಿಕೆ ಚಿಕ್ಕದಿರಬೇಕು: ತಿಂಗಳಿಗೆ ಒಂದು ಪಿರಿಯಡ್ಡು, ಒಂದು ಪುಸ್ತಕ, ಎಡಗಡೆ ಪ್ರಶ್ನೆ, ಬಲಗಡೆ ಮುಖ್ಯೋಪಾಧ್ಯಾಯರ ಉತ್ತರ ಮತ್ತು ಸಹಿ. ಆಗುವುದಿಲ್ಲ ಎಂಬುದೂ ಉತ್ತರವೇ, ಕಾರಣ ಬರೆದಿದ್ದರೆ. ಅನುದಾನ ಬಂದಿಲ್ಲ ಎಂದು ಬರೆದರೆ ಆ ಪುಟ ಎಸ್‌ಡಿಎಂಸಿ ಸಭೆಯಲ್ಲಿ ಶಿಕ್ಷಕರ ಪರವಾಗಿಯೇ ಮಾತಾಡುತ್ತದೆ. ಗೌರವ ಹೋದೀತು ಎಂಬ ಅಳುಕಿಗೆ ವಾರ್ಸಾದಲ್ಲಿ ಯಾನುಷ್ ಕೊರ್ಚಾಕ್ ನಡೆಸಿದ ಅನಾಥಾಲಯ ನೆನಪಾಗುತ್ತದೆ. ಅಲ್ಲಿ ಮಕ್ಕಳ ನ್ಯಾಯಾಲಯವಿತ್ತು, ದೊಡ್ಡವರನ್ನೂ ಅದರ ಮುಂದೆ ನಿಲ್ಲಿಸಬಹುದಿತ್ತು, ಕೊರ್ಚಾಕರೇ ನಿಂತಿದ್ದರು. ಅವರ ಮೇಲಿನ ಮಕ್ಕಳ ಪ್ರೀತಿ ಅದರಿಂದ ಕುಂದಲಿಲ್ಲ.

ಕಷ್ಟದ ಭಾಗ ಇನ್ನೊಂದಿದೆ. ಪ್ರಶ್ನೆ ಶಿಕ್ಷಕರ ಬಗ್ಗೆಯೇ ಇದ್ದಾಗ, ಹೊಡೆತದ್ದೋ ಜಾತಿ ಎತ್ತಿ ಆಡಿದ ಮಾತಿನದ್ದೋ ಆದಾಗ, ಯಾವ ಮುಖ್ಯಮಂತ್ರಿಯೂ ಅದನ್ನು ತೆರೆದ ಸಭೆಯಲ್ಲಿ ಓದಲಾರ, ಓದಬೇಕೆಂದು ಮಗುವಿನ ಮೇಲೆ ಹೇರುವುದೂ ತಪ್ಪು. ಅದಕ್ಕೆಂದೇ ಅನೇಕ ಶಾಲೆಗಳಲ್ಲಿ ದೂರು ಪೆಟ್ಟಿಗೆ ಇಟ್ಟಿದ್ದಾರೆ. ಅದನ್ನು ತೆರೆಯುವಾಗ ಶಾಲೆಯ ಹೊರಗಿನವರೊಬ್ಬರು ಎದುರಿಗಿರಬೇಕು, ಬೀಗದ ಕೈ ಶಾಲೆಯ ಕಚೇರಿಯಲ್ಲಿ ಇರಕೂಡದು.