ಶಾಲೆಯ ಕೊಠಡಿಯೊಳಗಿನ ಗಾಳಿ

ಆರು ವರ್ಷ ತುಂಬಿದ ಪ್ರತಿಯೊಂದು ಮಗುವನ್ನೂ ಹದಿನಾಲ್ಕನೆಯ ವರ್ಷದವರೆಗೆ ಶಾಲೆಯಲ್ಲಿರಿಸಿ ಓದಿಸತಕ್ಕ ಹೊಣೆಯನ್ನು ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಸರಕಾರದ ಮೇಲೆ ಹೊರಿಸಿದೆ. ಆ ಕಾಯಿದೆಗೆ ಸೇರಿದ ಅನುಬಂಧವು ಶಾಲೆಯ ಕಟ್ಟಡ ಹೇಗಿರಬೇಕೆಂಬುದನ್ನೂ ನಿರೂಪಿಸಿದೆ. ಉಪಾಧ್ಯಾಯರೊಬ್ಬರಿಗೆ ಒಂದರಂತೆ ಕೊಠಡಿ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಗೃಹ, ಕುಡಿಯುವ ನೀರು, ಅಡಿಗೆಯ ಮನೆ, ಆಟದ ಬಯಲು, ಸುತ್ತುಗೋಡೆ, ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ಎಲ್ಲವೂ ಬೇಕಾದವೇ. ಆದರೆ ಮಗುವು ಆ ಕೊಠಡಿಯೊಳಗೆ ಕುಳಿತು ಉಸಿರಾಡುವ ಗಾಳಿ ಎಂತಹುದಾಗಿರಬೇಕೆಂಬ ವಿಷಯದಲ್ಲಿ ಒಂದು ಮಾತೂ ಇಲ್ಲ. ಮಕ್ಕಳನ್ನು ಕಾನೂನಿನ ಬಲದಿಂದ ಒಂದು ಸೂರಿನ ಕೆಳಗೆ ಕೂಡಿಸುವ ಪ್ರಭುತ್ವವು ಆ ಸೂರಿನ ಕೆಳಗಣ ಗಾಳಿಗೂ ಉತ್ತರವಾದಿಯೆಂಬುದು ನಮ್ಮ ಅಭಿಪ್ರಾಯ. ಕಣ್ಣಿಗೆ ಕಾಣದ, ಮೂಗಿಗೆ ಸಿಕ್ಕದ, ರುಚಿಯೂ ಇಲ್ಲದ ರೇಡಾನ್ ಎಂಬ ಅನಿಲದ ವಿಷಯವಾಗಿ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಗಳ ಅಧಿಕಾರಿಗಳಿಗೂ ಮಹಾಜನರಿಗೂ ನಾವು ಇಂದು ಕೆಲವು ಮಾತುಗಳನ್ನು ಅರಿಕೆ ಮಾಡಬಯಸುತ್ತೇವೆ.

ಈ ಅನಿಲವನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಅದು ನಮ್ಮ ಕಾಲಕೆಳಗಿನ ಕಲ್ಲಿನಿಂದಲೇ ಹುಟ್ಟುತ್ತದೆ. ಒಂದು ಟನ್ನು ಗ್ರಾನೈಟ್ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಮಿನಷ್ಟು ಯುರೇನಿಯಂ ಹರಡಿಕೊಂಡಿರುತ್ತದೆ. ಅದು ಕೋಟ್ಯಂತರ ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಒಡೆಯುತ್ತ ರೇಡಿಯಂ ಆಗುತ್ತದೆ. ರೇಡಿಯಂ ಒಡೆದಾಗ ರೇಡಾನ್ ಹೊರಬೀಳುತ್ತದೆ. ಬಯಲಿನಲ್ಲಿ ಹೊರಬಿದ್ದದ್ದು ಗಾಳಿಯೊಡನೆ ಬೆರೆತು ಚದರಿಹೋಗುವುದರಿಂದ ಯಾರಿಗೂ ಬಾಧೆಯಿಲ್ಲ. ನೆಲದ ಬಿರುಕುಗಳ ಮೂಲಕ ಮುಚ್ಚಿದ ಕೊಠಡಿಯೊಳಕ್ಕೆ ನುಸುಳಿದ್ದು ಮಾತ್ರ ಅಲ್ಲಿಯೇ ಕೂಡಿಕೊಳ್ಳುತ್ತದೆ. ಅದರ ಅರ್ಧಾಯುಷ್ಯ ನಾಲ್ಕು ದಿನಕ್ಕಿಂತ ತುಸು ಕಡಮೆ. ಅದು ಒಡೆದು ಹುಟ್ಟುವ ಪೊಲೋನಿಯಂ ಮೊದಲಾದ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನೊಡನೆ ಒಳಹೊಕ್ಕು, ಶ್ವಾಸನಾಳಗಳ ಒಳಮೈಯಲ್ಲಿ ನೆಲೆನಿಂತು, ಅಲ್ಲಿಂದಲೇ ವಿಕಿರಣವನ್ನು ಸೂಸುತ್ತವೆ. ಫಲವು ತಕ್ಷಣ ತೋರುವುದಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಕೆಲವರಲ್ಲಿ ಶ್ವಾಸಕೋಶದ ಅರ್ಬುದರೋಗವಾಗಿ ಕಾಣಿಸಿಕೊಳ್ಳುತ್ತದೆ.

ಜರ್ಮನಿಯ ಷ್ನೇಬರ್ಗ್ ಎಂಬಲ್ಲಿನ ಗಣಿಗಾರರು ಹದಿನಾರನೆಯ ಶತಮಾನದಿಂದಲೂ ಒಂದು ಎದೆಯ ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದರು. ಅದು ಶ್ವಾಸಕೋಶದ ಅರ್ಬುದವೆಂದು ವೈದ್ಯರು ಗುರುತಿಸಿದ್ದು ೧೮೭೯ರಲ್ಲಿ. ಅದಕ್ಕೆ ಕಾರಣ ಗಣಿಯೊಳಗಣ ರೇಡಾನ್ ಎಂಬುದು ಸ್ಥಿರಪಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಗಣಿಯ ಮಾತು ಗಣಿಗೇ ಸರಿ, ಮನೆಗೇಕೆ ಎಂದು ಲೋಕವು ಬಹುಕಾಲ ಸುಮ್ಮನಿತ್ತು. ೧೯೮೪ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಪರಮಾಣು ವಿದ್ಯುದಾಗಾರವೊಂದರಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರು ವಿಕಿರಣ ಪತ್ತೆ ಮಾಡುವ ಬಾಗಿಲನ್ನು ದಾಟಿದಾಗ ಎಚ್ಚರಿಕೆಯ ಗಂಟೆ ಹೊಡೆಯಿತು. ಸೋಜಿಗವೇನೆಂದರೆ ಆ ಸ್ಥಾವರದಲ್ಲಿ ವಿದ್ಯುತ್ತಿನ ಉತ್ಪಾದನೆ ಇನ್ನೂ ಆರಂಭವಾಗಿರಲಿಲ್ಲ. ವಿಕಿರಣವನ್ನು ಆತ ಕೆಲಸದಿಂದ ಮನೆಗೆ ಒಯ್ದಿರಲಿಲ್ಲ. ಮನೆಯಿಂದ ಕೆಲಸಕ್ಕೆ ಹೊತ್ತು ತಂದಿದ್ದ. ಆತನ ಮನೆಯೊಳಗೆ ಘನ ಮೀಟರಿಗೆ ಒಂದು ಲಕ್ಷ ಬೆಕೆರೆಲಿನಷ್ಟು ರೇಡಾನ್ ತುಂಬಿತ್ತು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಲೋಕದ ಮನೆಗಳ ಸರಾಸರಿ ನಲವತ್ತರ ಆಸುಪಾಸಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ನೂರು ಬೆಕೆರೆಲನ್ನು ಮಿತಿಯೆಂದು ಸೂಚಿಸಿ, ಅದು ಸಾಧ್ಯವಾಗದ ದೇಶಗಳಲ್ಲಿಯೂ ಮುನ್ನೂರನ್ನು ಮೀರಬಾರದೆಂದು ಹೇಳಿತು. ಪ್ರತಿ ನೂರು ಬೆಕೆರೆಲಿಗೆ ಶ್ವಾಸಕೋಶದ ಅರ್ಬುದದ ಸಂಭವವು ಶೇಕಡ ಹದಿನಾರರಷ್ಟು ಹೆಚ್ಚುವುದೆಂದು ಯೂರೋಪಿನ ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ೨೦೦೫ರಲ್ಲಿ ಲೆಕ್ಕ ಹಾಕಿದ್ದಾರೆ.

ಇನ್ನು ನಮ್ಮ ಸೀಮೆಯ ಮಾತು. ಹಿಂದೆ ಕೋಟೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಸರಗೂರಿನ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲೆಲ್ಲ ಇದೆ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಒಂದು ಶಿಲಾಸಮೂಹಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಆ ಸಮೂಹದ ಕರಿಯ ಭಾರದ ಕಲ್ಲುಗಳಲ್ಲಿ ಯುರೇನಿಯಂ ಅತ್ಯಲ್ಪ. ಅದರ ಸುತ್ತ ಹಬ್ಬಿರುವ ನೈಸ್ ಶಿಲೆಯಲ್ಲಿಯೂ ಗ್ರಾನೈಟಿನಲ್ಲಿಯೂ ಅದಕ್ಕಿಂತ ಹೆಚ್ಚು. ಹೀಗೆ ಒಂದೇ ತಾಲ್ಲೂಕಿನೊಳಗೆ ಒಂದು ಊರಿನ ನೆಲ ಒಂದು ಬಗೆ, ಮೂರು ಮೈಲಿಯಾಚೆಯ ಊರಿನ ನೆಲ ಮತ್ತೊಂದು ಬಗೆ. ಆದುದರಿಂದ ಮೈಸೂರಿನಲ್ಲಿ ಕುಳಿತು ಭೂಪಟವನ್ನು ನೋಡಿ ಇಂತಹ ಶಾಲೆಗೆ ಭಯವಿದೆ, ಇಂತಹುದಕ್ಕೆ ಇಲ್ಲ ಎಂದು ತೀರ್ಮಾನಿಸುವುದು ಸಾಧ್ಯವಲ್ಲ. ಭಯಪಡುವುದಕ್ಕೂ ನಿಶ್ಚಿಂತರಾಗಿರುವುದಕ್ಕೂ ಮೊದಲು ಅಳೆಯಬೇಕು.

ಹಳೆಯ ಹೆಂಚಿನ ಶಾಲೆಗಳ ವಿಷಯದಲ್ಲಿ ನಮಗೆ ಅಷ್ಟು ಆತಂಕವಿಲ್ಲ. ಹೆಂಚಿನ ಸಂದುಗಳೇ ಅಲ್ಲಿ ಗವಾಕ್ಷಗಳು. ಮಳೆಗಾಲದಲ್ಲಿ ಸೋರುವ ಸೂರನ್ನು ಶಪಿಸುವ ಉಪಾಧ್ಯಾಯರಿಗೆ ಆ ಸೂರು ಮಾಡುತ್ತಿದ್ದ ಈ ಒಂದು ಉಪಕಾರ ತಿಳಿದಿರಲಾರದು. ಕಾಂಕ್ರೀಟಿನ ತಾರಸಿ, ಬಿಗಿಯಾದ ಕಿಟಕಿ, ಯಂತ್ರಗಳಿಗೆ ಧೂಳು ತಗುಲಬಾರದೆಂದು ಸದಾ ಮುಚ್ಚಿಟ್ಟ ಕಂಪ್ಯೂಟರ್ ಕೊಠಡಿ, ಇವುಗಳ ವಿಷಯದಲ್ಲಿ ವಿಚಾರ ಬೇರೆ. ಅದಕ್ಕಿಂತಲೂ ಮುಖ್ಯವಾದದ್ದು ಮಕ್ಕಳು ರಾತ್ರಿ ಮಲಗುವ ವಸತಿಶಾಲೆಗಳು. ಹಗಲಿನ ಶಾಲೆಗೆ ಕಾಯಿದೆಯು ವಿಧಿಸಿರುವುದು ಮೇಲಿನ ತರಗತಿಗಳಲ್ಲಿ ವರ್ಷಕ್ಕೆ ಸಾವಿರ ಗಂಟೆಗಳ ಪಾಠ. ವರ್ಷದ ಒಟ್ಟು ಕಾಲದಲ್ಲಿ ಅದು ಎಂಟರಲ್ಲಿ ಒಂದು ಪಾಲೂ ಆಗುವುದಿಲ್ಲ. ವಸತಿಶಾಲೆಯ ಮಗುವಾದರೋ ಹಗಲೂ ರಾತ್ರಿಯೂ ಅದೇ ಗೋಡೆಗಳ ನಡುವೆ ಇರುತ್ತದೆ. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಕಿಟಕಿ ಬಾಗಿಲುಗಳು ಭದ್ರವಾಗಿ ಮುಚ್ಚಿರುತ್ತವೆ; ಕಾಡಿನಂಚಿನ ಊರುಗಳಲ್ಲಿ ಆನೆಯ ಭಯದಿಂದ ಎಲ್ಲ ಕಾಲದಲ್ಲಿಯೂ ಮುಚ್ಚಿರುತ್ತವೆ. ಹೊರಗೆ ಚಳಿ, ಒಳಗೆ ಬೆಚ್ಚಗೆ ಇದ್ದಾಗ ಒಳಗಿನ ಬಿಸಿಗಾಳಿ ಮೇಲಕ್ಕೇರಿ ನೆಲದೊಳಗಿನ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ರೇಡಾನ್ ಹೆಚ್ಚು ಸೇರುವ ಹೊತ್ತೂ ಮಕ್ಕಳು ಮುದುರಿ ಮಲಗುವ ಹೊತ್ತೂ ಒಂದೇ.

ಈ ವಸತಿಶಾಲೆಗಳಲ್ಲಿರುವ ಮಕ್ಕಳು ಯಾರೆಂಬುದನ್ನೂ ನೆನೆಯಬೇಕು. ಗಿರಿಜನ ಆಶ್ರಮಶಾಲೆಗಳಿಗೆ ಬರುವವರು ಜೇನುಕುರುಬ, ಕಾಡುಕುರುಬ, ಯರವ ಮೊದಲಾದ ಜನಗಳ ಮಕ್ಕಳು. ಇವರಲ್ಲಿ ಅನೇಕರ ಹಿರಿಯರು ನಾಗರಹೊಳೆಯ ಕಾಡಿನಿಂದಲೂ, ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯದ ಪ್ರದೇಶದಿಂದಲೂ ಎಬ್ಬಿಸಲ್ಪಟ್ಟವರು. ಹಾಡಿಯ ಬಿದಿರು ತಡಿಕೆಯ ಗುಡಿಸಿಲಿನಲ್ಲಿ ಬಡತನ ಬೇಕಾದಷ್ಟಿತ್ತು, ಗಾಳಿಗೆ ಬಡತನವಿರಲಿಲ್ಲ. ಆ ಮಕ್ಕಳನ್ನು ವಿದ್ಯೆಗಾಗಿ ಸಿಮೆಂಟಿನ ಕಟ್ಟಡಕ್ಕೆ ಕರೆತಂದವರು ಸರಕಾರದವರು. ತಂದೆತಾಯಂದಿರು ನಂಬಿ ಕಳುಹಿಸಿದ್ದಾರೆ. ಅಳತೆಯ ಕೆಲಸವು ಎಲ್ಲಿಂದಲಾದರೂ ಆರಂಭವಾಗತಕ್ಕದ್ದಾದರೆ ಈ ಆಶ್ರಮಶಾಲೆಗಳಿಂದಲೂ ಮೊರಾರ್ಜಿ ದೇಸಾಯಿ ವಸತಿಶಾಲೆಗಳಿಂದಲೂ ಆರಂಭವಾಗಲಿ. ಪೇಟೆಯ ದೊಡ್ಡ ಶಾಲೆಗಳು ಎರಡನೆಯ ಸರದಿಯಲ್ಲಿ ಬಂದರೆ ಅವುಗಳಿಗೇನೂ ಕುಂದಿಲ್ಲ.

ಈ ನಾಲ್ಕು ಸೀಮೆಗಳಿಗೆ ಮತ್ತೊಂದು ವಿಶೇಷವಿದೆ. ಅದನ್ನು ಹೇಳದೆ ಬಿಟ್ಟರೆ ನಮ್ಮ ಮಾತು ಅರೆಯಾದೀತು. ಇದು ಹೊಗೆಸೊಪ್ಪಿನ ನಾಡು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಇಕ್ಕೆಲದಲ್ಲಿ ಸೊಪ್ಪು ಹದಮಾಡುವ ಬ್ಯಾರನ್ನುಗಳನ್ನು ಕಾಣದವರಾರು? ನೆಲದಿಂದ ಎದ್ದ ರೇಡಾನಿನ ಸಂತತಿಯಾದ ಸೀಸ, ಪೊಲೋನಿಯಂ ಕಣಗಳು ಗಾಳಿಯಿಂದ ಇಳಿದು, ಎಲೆ ಮುರಿಯುವವರ ಕೈಗೆ ಹತ್ತುವ ಆ ಅಂಟಿಗೇ ಅಂಟಿಕೊಳ್ಳುತ್ತವೆ. ಗೊಬ್ಬರದ ರಂಜಕದ ಮೂಲಕವೂ ಗಿಡಕ್ಕೆ ಸೇರುತ್ತವೆ. ಸಿಗರೇಟಿನ ಹೊಗೆಯಲ್ಲಿ ಪೊಲೋನಿಯಂ ಇದೆಯೆಂಬುದು ೧೯೬೪ರಲ್ಲಿಯೇ ಪ್ರಕಟವಾದ ಸಂಗತಿ. ಅದಿರಲಿ. ರೇಡಾನ್ ಸಮನಾಗಿದ್ದರೂ ಹೊಗೆ ಸೇದುವವನಿಗೆ ಅದರಿಂದಾಗುವ ಅಪಾಯವು ಸೇದದವನ ಇಪ್ಪತ್ತೈದು ಪಾಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡು ವಿಷಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು ೨೦೦೩ರ ಕಾಯಿದೆ ಹೇಳುತ್ತದೆ. ಆ ನಿಯಮವನ್ನು ಬಿಗಿಯಾಗಿ ನಡೆಸುವುದಕ್ಕೆ ಯಾವ ಯಂತ್ರವೂ ಬೇಡ, ಯಾವ ಪರೀಕ್ಷೆಯ ಫಲವನ್ನೂ ಕಾಯಬೇಕಾಗಿಲ್ಲ. ಸೊಪ್ಪು ಬೆಳೆದು ಸಾಲ ತೀರಿಸುವ ರೈತನನ್ನು ನಾವಿಲ್ಲಿ ದೂರುತ್ತಿಲ್ಲ. ಅವನ ಮಗ ಹೈಸ್ಕೂಲಿನ ಮರೆಯಲ್ಲಿ ನಿಂತು ಬೀಡಿ ಹಚ್ಚುವುದನ್ನು ಕಂಡೂ ಕಾಣದಂತಿರುವ ಹಿರಿಯರನ್ನು ಕುರಿತು ಹೇಳುತ್ತಿದ್ದೇವೆ.

ಶಾಲೆಗಳಲ್ಲಿ ರೇಡಾನ್ ಅಳೆಯುವುದೆಂದರೆ ಹುಚ್ಚುಖರ್ಚಿನ ಮಾತೆಂದು ಯಾರಾದರೂ ನಕ್ಕಾರು. ಐರ್ಲೆಂಡ್ ನಮ್ಮಂತೆಯೇ ಪರರ ಆಳ್ವಿಕೆಯಿಂದ ಬಿಡಿಸಿಕೊಂಡ ಚಿಕ್ಕ ದೇಶ. ಅಲ್ಲಿನ ಸರಕಾರವು ೧೯೯೮ರಿಂದ ೨೦೦೪ರವರೆಗೆ ದೇಶದ ಮೂರು ಸಾವಿರಕ್ಕೂ ಮಿಕ್ಕ ಶಾಲೆಗಳ ನೆಲಮಟ್ಟದ ಕೊಠಡಿಗಳನ್ನು ಅಳೆಯಿಸಿತು. ನೂರಾರು ಶಾಲೆಗಳಲ್ಲಿ ಮಿತಿಮೀರಿದ ಕೊಠಡಿಗಳು ಸಿಕ್ಕಿದವು. ಅವುಗಳ ದುರಸ್ತಿಯನ್ನು ಕೈಕೊಂಡರು. ಅಳೆಯುವುದಕ್ಕೆ ಮೊದಲು ಆ ಶಾಲೆಗಳ ಉಪಾಧ್ಯಾಯರಿಗಾಗಲಿ ಮಕ್ಕಳಿಗಾಗಲಿ ಯಾವ ಸಂದೇಹವೂ ಇರಲಿಲ್ಲ.

ಉಪಾಧ್ಯಾಯರ ಹುದ್ದೆಗಳು ಖಾಲಿಬಿದ್ದಿರುವಾಗ, ಶೌಚಗೃಹಕ್ಕೆ ನೀರಿಲ್ಲದಿರುವಾಗ ಇದೇನು ಹೊಸ ಉಪದ್ರವವೆಂಬ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವೆಲ್ಲ ಮೊದಲು ಆಗತಕ್ಕವು. ಆದರೆ ಈ ಅಳತೆಯು ಅವುಗಳ ಅನ್ನವನ್ನು ಕಸಿಯುವಂತಹುದಲ್ಲ. ಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟರ ಒಂದು ಬಟ್ಟಲು. ಅದರೊಳಗೆ ಉಗುರಿನಗಲದ ಒಂದು ಚೂರು ಫಿಲ್ಮು. ವಿದ್ಯುತ್ತು ಬೇಡ. ಗೋಡೆಗೂ ಕಿಟಕಿಗೂ ದೂರವಾಗಿ ಮೂರು ತಿಂಗಳು ತೂಗುಹಾಕಿ, ಬಳಿಕ ಇಳಿಸಿ, ಕ್ಷಾರದ್ರವದಲ್ಲಿ ತೊಳೆದರೆ ವಿಕಿರಣವು ಫಿಲ್ಮಿನ ಮೇಲೆ ಕೊರೆದ ಗೀರುಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ; ಅವನ್ನು ಎಣಿಸುವುದೇ ಪರೀಕ್ಷೆ. ಇದಕ್ಕಾಗಿ ಪರದೇಶಕ್ಕೆ ಕೈಚಾಚಬೇಕಾಗಿಯೂ ಇಲ್ಲ. ಇಂತಹ ಬಟ್ಟಲುಗಳನ್ನು ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಈ ದೇಶಕ್ಕೆ ತಕ್ಕಂತೆ ರೂಪಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದವರು ಮೈಸೂರಿನ ಸುತ್ತಮುತ್ತ ಮನೆಗಳ ಗಾಳಿಯಲ್ಲಿಯೂ ನೀರಿನಲ್ಲಿಯೂ ರೇಡಾನನ್ನು ವರ್ಷಗಳಿಂದ ಅಳೆದು ಪ್ರಕಟಿಸುತ್ತ ಬಂದಿದ್ದಾರೆ. ವಿದ್ವತ್ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗುವ ಆ ವಿದ್ಯೆಯು ಐವತ್ತು ಅರುವತ್ತು ಮೈಲಿಗಳೊಳಗಿನ ಶಾಲೆಗಳಿಗೆ ಪ್ರಯೋಜನಕ್ಕೆ ಬರುವಂತೆ ಮಾಡುವುದು ವಿದ್ಯಾ ಇಲಾಖೆಯ ಒಂದು ಕಾಗದದಿಂದ ಆಗಬಹುದಾದ ಕೆಲಸ.

ಮಿತಿಮೀರಿದ ಕೊಠಡಿ ಕಂಡುಬಂದರೆ ಶಾಲೆಯನ್ನು ಮುಚ್ಚಬೇಕಾಗಿಲ್ಲ. ಎದುರುಬದುರಿನ ಕಿಟಕಿಗಳನ್ನು ತೆರೆದರೆ ಕೆಲವು ಗಂಟೆಗಳಲ್ಲಿಯೇ ಅನಿಲವು ಇಳಿದುಹೋಗುತ್ತದೆ. ಮುಚ್ಚಿದರೆ ಮತ್ತೆ ಕೂಡುತ್ತದೆ. ಆನೆಯ ಭಯವಿರುವ ಕಡೆ ಗೋಡೆಯ ಮೇಲುಭಾಗದಲ್ಲಿಯೂ ಕೆಳಭಾಗದಲ್ಲಿಯೂ ಕಬ್ಬಿಣದ ಜಾಲರಿ ಹಾಕಿದ ಗಾಳಿಗಂಡಿಗಳನ್ನು ತೆಗೆಯಬಹುದು. ನೆಲದ ಬಿರುಕುಗಳನ್ನೂ, ಗೋಡೆಯೂ ನೆಲವೂ ಕೂಡುವ ಸಂದನ್ನೂ ಗಾರೆಯಿಂದ ಮುಚ್ಚಬೇಕು. ಇದರಿಂದ ಸಾಲದಿದ್ದರೆ ನೆಲದಡಿಯ ಜಲ್ಲಿಯಿಂದ ತಾರಸಿಯ ಮೇಲಕ್ಕೆ ಒಂದು ಕೊಳವೆಯನ್ನು ಒಯ್ದು, ಸಣ್ಣ ಬೀಸಣಿಗೆಯಿಂದ ಮಣ್ಣಿನೊಳಗಿನ ಗಾಳಿಯನ್ನು ಹೊರಕ್ಕೆಳೆಯುವ ಉಪಾಯವಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹೊಸ ಗಾಳಿ ಬರುವ ದಾರಿಯನ್ನು ಬಿಡದೆ ಕೊಠಡಿಯ ಗಾಳಿಯನ್ನಷ್ಟೇ ಹೊರದೂಡುವ ಫ್ಯಾನನ್ನು ಕೂಡಿಸಿದರೆ ಅದು ನೆಲದಿಂದ ಇನ್ನಷ್ಟು ರೇಡಾನನ್ನು ಸೆಳೆದು ತಂದೀತು. ಇನ್ನು ಮುಂದೆ ಕಟ್ಟುವ ಕೊಠಡಿಗಳಲ್ಲಿ, ನೆಲಕ್ಕೆ ಕಾಂಕ್ರೀಟು ಸುರಿಯುವ ಮೊದಲೇ ಜಲ್ಲಿಯ ಹಾಸು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಒಂದು ಕೊಳವೆ ಇಷ್ಟನ್ನು ಲೋಕೋಪಯೋಗಿ ಇಲಾಖೆಯವರು ತಮ್ಮ ಅಂದಾಜುಪಟ್ಟಿಯಲ್ಲಿ ಸೇರಿಸಿಬಿಡಲಿ. ೨೦೨೨ರಲ್ಲಿ ‘ವಿವೇಕ’ ಯೋಜನೆಯೆಂದು ಸಾವಿರಾರು ಕೊಠಡಿಗಳನ್ನು ಕಟ್ಟಲು ಹೊರಟಾಗ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂಬುದರ ಮೇಲೆ ನಡೆದ ಚರ್ಚೆಯ ನೂರರಲ್ಲೊಂದು ಪಾಲು ನೆಲದಡಿಯ ಮೇಲೆ ನಡೆದಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ಫಲವನ್ನು ಕಡತದಲ್ಲಿ ಕಟ್ಟಿಡದೆ, ಪ್ರತಿಯೊಂದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ತಿಳಿಗನ್ನಡದಲ್ಲಿ ಓದಿಹೇಳಬೇಕು. ಇಲ್ಲವಾದರೆ ಶಾಲೆಯಲ್ಲಿ ವಿಷಗಾಳಿಯಿದೆಯೆಂಬ ವದಂತಿ ಹಬ್ಬಿ, ಕಷ್ಟಪಟ್ಟು ಶಾಲೆಗೆ ತಂದ ಹಾಡಿಯ ಮಕ್ಕಳು ಮರಳಿ ಹೋದಾರು. ವಸತಿಶಾಲೆಯೊಂದಕ್ಕೆ ಮಲಗುವ ಕೋಣೆಗಳಿಗೆಲ್ಲ ಒಂದೊಂದು, ಪಾಠದ ಕೊಠಡಿಗಳಲ್ಲಿ ಎರಡು ಮೂರು ಬಟ್ಟಲುಗಳು ಸಾಕು. ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ ತೂಗುಹಾಕಿ ಆಗಸ್ಟಿನ ಕೊನೆಗೆ ಇಳಿಸಿ, ನವೆಂಬರಿನಲ್ಲಿ ಹೊಸವನ್ನು ಹಾಕಿ ಜನವರಿಯ ಕೊನೆಗೆ ಇಳಿಸಿದರೆ ಮಳೆಗಾಲ ಚಳಿಗಾಲ ಎರಡರ ಲೆಕ್ಕವೂ ಕೈಗೆ ಬರುತ್ತದೆ; ಗಾರೆಯ ಕೆಲಸಕ್ಕೂ ಕೊಳವೆಯ ಕೆಲಸಕ್ಕೂ ಬೇಸಗೆಯ ರಜೆಯೇ ಇದೆ.