ಮೂವತ್ತು–ನಲವತ್ತರಲ್ಲಿ ಎರಡು ಮನೆಯ ಫೀಸು

ಪಿಯುಸಿ ಫಲಿತಾಂಶ ಹೊರಬಿದ್ದ ವಾರ ಬೆಂಗಳೂರಿನ ಉತ್ತರ ಭಾಗದ ಮನೆಗಳಲ್ಲಿ ಎರಡು ಲೆಕ್ಕ ಒಟ್ಟಿಗೇ ನಡೆಯುತ್ತವೆ. ಒಂದು, ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸುವುದು, ಫೀಸು ಎಷ್ಟು ಎಂಬುದು. ಇನ್ನೊಂದು, ಅದೇ ದುಡ್ಡಿಗೆ ಒಂದಿಷ್ಟು ಸಾಲ ಕೂಡಿಸಿ ಯಲಹಂಕದಾಚೆ ಒಂದು ಸೈಟು ಹಿಡಿದುಬಿಟ್ಟರೆ ಹೇಗೆ ಎಂಬುದು. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ, ಯಶವಂತಪುರದ ಕಾರ್ಖಾನೆಯಿಂದ ನಿವೃತ್ತರಾಗಿ ಭವಿಷ್ಯನಿಧಿ ಕೈಗೆ ಬಂದವರಿಗೆ ಈ ಎರಡನೆಯ ಲೆಕ್ಕ ಹೆಚ್ಚು ಸಿಹಿ. ‘ನಾಲ್ಕು ವರ್ಷ ಬಿಟ್ಟು ಮಾರಿದರೆ ಎಂಜಿನಿಯರಿಂಗ್ ಖರ್ಚೂ ಆಯಿತು, ಮದುವೆ ಖರ್ಚೂ ಆಯಿತು’ ಎಂದು ಯಾರೋ ನೆಂಟರು ಹೇಳಿರುತ್ತಾರೆ. ಏಜೆಂಟನ ಕರಪತ್ರದಲ್ಲಿ ‘ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ’ ಎಂದಿರುತ್ತದೆ. ಯಾವ ಹೊತ್ತಿನಲ್ಲಿ ಎಂದು ಮಾತ್ರ ಇರುವುದಿಲ್ಲ.

ಕರಪತ್ರದಲ್ಲಿ ಇಲ್ಲದ ಇನ್ನೊಂದು ಸಂಗತಿಯೆಂದರೆ ಊರು. ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಒಂದರಿಂದ ಅರವತ್ತರವರೆಗೆ ನಂಬರು ಬರೆದ ಆ ನಕ್ಷೆ ನೋಡಿದರೆ ಅಲ್ಲಿ ಹಿಂದೆ ಏನೂ ಇರಲೇ ಇಲ್ಲವೇನೋ ಅನ್ನಿಸಬೇಕು. ಆದರೆ ಆ ನೆಲ ರಾಜಾನುಕುಂಟೆಯದೋ ಬಾಗಲೂರಿನದೋ ಬೆಟ್ಟಹಲಸೂರಿನದೋ ಆಗಿರುತ್ತದೆ. ಅದಕ್ಕೊಂದು ಕೆರೆ, ಒಂದು ಗ್ರಾಮಠಾಣ, ಒಂದು ಗೋಮಾಳ, ಮಾರುವವನಿಗೊಂದು ಮನೆ ಇರುತ್ತದೆ. ಆ ಮನೆಯಲ್ಲೂ ಒಂದು ಮಗು ಪಿಯುಸಿ ಪಾಸಾಗಿರುತ್ತದೆ. ಎಷ್ಟೋ ಸಲ ಹೊಲ ಮಾರಾಟಕ್ಕೆ ಬರುವುದೂ ಫೀಸಿಗಾಗಿಯೇ. ಕೊಳ್ಳುವವನೂ ಮಾರುವವನೂ ಮಕ್ಕಳ ಓದಿನ ಹೆಸರಿನಲ್ಲೇ ಸಹಿ ಹಾಕುತ್ತಾರೆ. 1200 ಚದರಡಿ ನೆಲದ ಮೇಲೆ ಎರಡು ಮನೆಯ ಫೀಸು ಕೂತಿದೆ ಎಂಬುದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಹಾಗೆ ನೋಡಿದರೆ ಈ ಭಾಗಕ್ಕೆ ಬೆಂಗಳೂರೇ ಹೊಸಬ. 1537ರ ಸುಮಾರಿಗೆ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ಊರು ಮೊದಲು, ರಾಜಧಾನಿ ಆಮೇಲೆ. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದೂ ಈ ದಿಕ್ಕಿನಿಂದಲೇ. ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಕಟ್ಟಿದ್ದು 1894ರಲ್ಲಿ. ನಂತರ ನಗರವೇ ನಡೆದು ಬಂತು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ರಚನೆಯಾದಾಗ ಯಲಹಂಕ ನಗರಸಭೆಯೂ ಸೇರಿ ಸುತ್ತಲಿನ ಪಟ್ಟಣಗಳು, 110 ಹಳ್ಳಿಗಳು ಒಳಸರಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದಾಚೆಗೆ ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ರಸ್ತೆಯ ಎರಡೂ ಬದಿ ಎಕರೆಯ ಮಾತು ಹೋಗಿ ಚದರಡಿಯ ಮಾತು ಬಂತು.

ಎಕರೆ, ಚದರಡಿ ಎಂದಾಗ ಒಂದು ಸಣ್ಣ ಲೆಕ್ಕವನ್ನು ಹತ್ತನೆಯ ತರಗತಿಯ ಹುಡುಗರೇ ಮಾಡಬಹುದು. ಗುಂಟೆಗೆ 1089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಮೂವತ್ತು–ನಲವತ್ತರ ಸೈಟಿನಿಂದ ಭಾಗಿಸಿದರೆ 36 ಸೈಟು ಬರುತ್ತವೆ, ಸ್ವಲ್ಪ ಮಿಕ್ಕುತ್ತದೆ. ಆದರೆ ರಸ್ತೆ, ಚರಂಡಿ, ಪಾರ್ಕು, ಶಾಲೆಗೆಂದು ಬಿಡುವ ಜಾಗ ಇವೆಲ್ಲ ಹೋದರೆ ಕ್ರಮಬದ್ಧ ಬಡಾವಣೆಯಲ್ಲಿ ಮನೆಗೆ ಉಳಿಯುವುದು ಅರ್ಧಕ್ಕಿಂತ ಕೊಂಚ ಹೆಚ್ಚು. ಎಕರೆಗೆ ಇಪ್ಪತ್ತರ ಆಸುಪಾಸು. ಏಜೆಂಟನ ನಕ್ಷೆಯಲ್ಲಿ ಎಕರೆಗೆ ಮೂವತ್ತು ಸೈಟು ಇದ್ದರೆ ಉಳಿದ ಹತ್ತು ಎಲ್ಲಿಂದ ಬಂದವು? ರಸ್ತೆಯಿಂದ ಬಂದವು, ಇಲ್ಲವೇ ಪಕ್ಕದ ಕಾಲುವೆಯಿಂದ. ಅಗ್ಗದ ಗುಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ.

ಇನ್ನು ನಾಲ್ಕು ವರ್ಷದ ಮಾತು. ಕಾಲೇಜಿನ ಫೀಸಿಗೆ ತಾರೀಖು ಇರುತ್ತದೆ, ನೆಲಕ್ಕೆ ಇರುವುದಿಲ್ಲ. ಬ್ಯಾಂಕಿನ ಠೇವಣಿಯನ್ನು ಅರ್ಧ ಮುರಿಸಬಹುದು. ಸುಕನ್ಯಾ ಸಮೃದ್ಧಿ ಖಾತೆಯಲ್ಲಿ ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ಹಣ ತೆಗೆಯಬಹುದು. ಸೈಟಿನ ಒಂದು ಮೂಲೆ ಕತ್ತರಿಸಿ ಮೂರನೆಯ ಸೆಮಿಸ್ಟರಿನ ಫೀಸು ಕಟ್ಟಲು ಬರುವುದಿಲ್ಲ. ಮಾರಲೇಬೇಕು, ಆ ತಿಂಗಳೇ ಮಾರಬೇಕು ಎಂದು ಹೊರಟವನ ಮುಖ ನೋಡಿಯೇ ಕೊಳ್ಳುವವನು ಬೆಲೆ ಇಳಿಸುತ್ತಾನೆ.

ಕಾಯುವುದು ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಇದೇ ಭಾಗದ ಅರ್ಕಾವತಿ ಬಡಾವಣೆಗಿಂತ ಬೇರೆ ಉದಾಹರಣೆ ಬೇಡ. ಅದು ಬೀದಿಬದಿಯ ಏಜೆಂಟನ ಬಡಾವಣೆಯಲ್ಲ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಜಕ್ಕೂರು, ರಾಚೇನಹಳ್ಳಿ, ತಣಿಸಂದ್ರ, ಸಂಪಿಗೆಹಳ್ಳಿ ಮೊದಲಾದ 16 ಹಳ್ಳಿಗಳ ನೆಲಕ್ಕೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ 2750 ಎಕರೆಗೆ ಅಂತಿಮ ಅಧಿಸೂಚನೆ ಆಯಿತು. ರೈತರು ಹೈಕೋರ್ಟಿಗೆ ಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರಲ್ಲಿ ಷರತ್ತುಗಳೊಡನೆ ಸ್ವಾಧೀನವನ್ನು ಎತ್ತಿಹಿಡಿಯಲಾಯಿತು. ಆಮೇಲೆ ಯಾವ ಜಮೀನು ಕೈಬಿಟ್ಟದ್ದು, ಯಾವುದು ಒಳಗೆ ಎಂಬ ಹೊಸ ಗಲಾಟೆ ಎದ್ದಿತು. 2014ರಲ್ಲಿ ವಿಚಾರಣೆಗೆ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ನೇಮಕವಾಯಿತು. 2004ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಅಷ್ಟು ಹೊತ್ತಿಗೆ ಪಿಯುಸಿಗೆ ಬಂದಿತ್ತು. ಹಣ ಕಟ್ಟಿ ಹಂಚಿಕೆ ಪತ್ರ ಹಿಡಿದುಕೊಂಡ ಹಲವರು ಆಗಲೂ ಕಾಯುತ್ತಲೇ ಇದ್ದರು. ಹೊಲ ಕಳೆದುಕೊಂಡವರೂ ಪರಿಹಾರಕ್ಕೆ ಕಾಯುತ್ತಿದ್ದರು. ಸರ್ಕಾರದ ಬಡಾವಣೆಯ ಕತೆಯೇ ಹೀಗಾದರೆ ಕರಪತ್ರದ ಬಡಾವಣೆಯ ನಾಲ್ಕು ವರ್ಷವನ್ನು ಎಷ್ಟೆಂದು ಗುಣಿಸಬೇಕೋ ಪೋಷಕರೇ ನೋಡಬೇಕು.

ಪಟ್ಟಣದವನು ಹಳ್ಳಿಯ ಹೊಲ ಕೊಳ್ಳಬಹುದೇ ಎಂಬ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಉಳುವವನೇ ಹೊಲದೊಡೆಯ ಎಂದ ಕರ್ನಾಟಕದ 1974ರ ಭೂಸುಧಾರಣೆ ತಿದ್ದುಪಡಿ 79ಎ, 79ಬಿ ಎಂಬ ಎರಡು ಕಲಮುಗಳನ್ನು ತಂದಿತ್ತು. ಬೇಸಾಯಗಾರನಲ್ಲದವನು, ಬೇರೆ ವರಮಾನ ಮಿತಿಗಿಂತ ಹೆಚ್ಚಿದ್ದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಇದು ನಮ್ಮಲ್ಲಷ್ಟೇ ಹುಟ್ಟಿದ ಯೋಚನೆಯೂ ಅಲ್ಲ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಸುಂಡಾ ಭಾಷೆಯ ಜನರ ಹಳ್ಳಿಗಳು ಬಾಂಡುಂಗ್ ಮಹಾನಗರದ ಸುತ್ತ ಗದ್ದೆಗಳ ನಡುವೆ ಹರಡಿವೆ. ಪಟ್ಟಣದ ದುಡ್ಡು ಅಲ್ಲಿಗೂ ಹೀಗೆಯೇ ಹರಿಯುತ್ತದೆ. ಆ ದೇಶದ 1961ರ ಭೂಸುಧಾರಣೆ ನಿಯಮದ ಪ್ರಕಾರ ನಮ್ಮ ಹೋಬಳಿಯಂಥ ಒಂದು ಆಡಳಿತ ವಲಯದ ಹೊರಗೆ ವಾಸಿಸುವವನು ಅಲ್ಲಿನ ಗದ್ದೆಯ ಒಡೆಯನಾಗಿರುವಂತಿಲ್ಲ. ಊರಿನಲ್ಲಿ ಇರದವನಿಗೆ ಊರಿನ ಅನ್ನದ ನೆಲ ಏಕೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಕರ್ನಾಟಕ 2020ರಲ್ಲಿ ಆ ಎರಡು ಕಲಮುಗಳನ್ನು ತೆಗೆದುಹಾಕಿತು. ಈಗ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಅದರಲ್ಲಿ ಮನೆ ಕಟ್ಟಬಹುದು ಎಂದಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ.

ಹೊಲ ಹೊಲವಾಗಿಯೇ ಇದ್ದಾಗ ಅದನ್ನು ತುಂಡು ಮಾಡಿ ಮಾರುವುದಕ್ಕೆ ಜನ ‘ರೆವಿನ್ಯೂ ಸೈಟು’ ಎನ್ನುತ್ತಾರೆ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಡಿ ಭೂಪರಿವರ್ತನೆ ಆಗಿರಬೇಕು, ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆ ಮಂಜೂರಾಗಿರಬೇಕು. ದೇವನಹಳ್ಳಿ ಕಡೆಗೆ ವಿಮಾನ ನಿಲ್ದಾಣ ಪ್ರದೇಶಕ್ಕೆಂದೇ ಬೇರೆ ಯೋಜನಾ ಪ್ರಾಧಿಕಾರ ಉಂಟು. 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ–ಖಾತೆ ಬೇಕು. ಹಾಗೆಂದು ಖಾತೆ ಎಂದರೆ ಹಕ್ಕುಪತ್ರವಲ್ಲ, ತೆರಿಗೆ ಯಾರ ಹೆಸರಿನಲ್ಲಿ ಎಂಬ ಲೆಕ್ಕ. ‘ಜಿಪಿಎ ಮೇಲೆ ಬರೆದುಕೊಡುತ್ತೇವೆ, ಆಮೇಲೆ ನೋಡೋಣ’ ಎನ್ನುವವರು ಇನ್ನೂ ಇದ್ದಾರೆ; ಅಂಥ ಕಾಗದದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಕಾಗದಗಳಲ್ಲಿ ಇನ್ನೂ ಹಳೆಯದೊಂದು ಪದರ ಇದೆ. ಪಹಣಿಯಲ್ಲಿ, ಮ್ಯುಟೇಷನ್ ಪುಸ್ತಕದಲ್ಲಿ ‘ತೋಟಿ ಇನಾಮ್ತಿ’, ‘ನೀರಗಂಟಿ ಇನಾಮ್ತಿ’ ಎಂಬ ಮಾತು ಕಂಡರೆ ನಿಲ್ಲಬೇಕು. ಊರಿನ ಚಾಕರಿ ಮಾಡಿದವರಿಗೆ, ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚಿದವರಿಗೆ ಬಿಟ್ಟಿದ್ದ ನೆಲ ಅದು. 1961ರ ಕಾಯಿದೆ ಆ ಹುದ್ದೆಗಳನ್ನು ರದ್ದುಮಾಡಿ, ನೆಲವನ್ನು ಅವರಿಗೇ ಮರುಮಂಜೂರು ಮಾಡಿ, ಪರಭಾರೆಗೆ ನಿರ್ಬಂಧ ಹಾಕಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಿಗೆ 1978ರ ಕಾಯಿದೆಯ ರಕ್ಷಣೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ, ನೆಲ ಮೂಲ ಮಂಜೂರುದಾರನ ಮನೆಗೆ ಮರಳುತ್ತದೆ. ಕೊಂಡು ಕೈಸುಟ್ಟುಕೊಂಡವರು ಈ ಕಾಯಿದೆಯನ್ನು ಶಪಿಸುವುದುಂಟು. ಆದರೆ ಒಂದು ಬಾಟಲಿ, ಒಂದು ಕಂತೆ ನೋಟು, ಒಂದು ಹೆಬ್ಬೆಟ್ಟು, ಇಷ್ಟರಲ್ಲಿ ಎಷ್ಟೋ ಎಕರೆ ಕೈಬದಲಾದ ನಾಡಿನಲ್ಲಿ ಅದು ಬೇಕಾಗಿಯೇ ಬಂದ ಕಾಯಿದೆ.

ಕಾಗದ ಸರಿಯಿದ್ದರೂ ನೀರು ಸರಿಯಿರಬೇಕಲ್ಲ. ಈ ಸೀಮೆಯ ಹೊಲಗಳಿಗೆ ಕೆರೆ ಮುಂದಲ ಹೊಲ, ಕೋಡಿ ಹೊಲ, ಕಟ್ಟೆ ಹಿಂದಲ ಹೊಲ ಎಂಬಂಥ ಹೆಸರುಗಳಿವೆ. ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ. ಕೋಡಿಯ ಹೊಲಕ್ಕೆ ಆ ಹೆಸರು ಸುಮ್ಮನೆ ಬಂದಿರುವುದಿಲ್ಲ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿ ಮುಳುಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ಮುಳುಗಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಕೆರೆಗಳು ಒಂದರಿಂದ ಒಂದಕ್ಕೆ ಹರಿಯುವ ದಾರಿಯನ್ನು ಮರೆತಿರಲಿಲ್ಲ. ಮಳೆಗಾಲದಲ್ಲಿ ಹೀಗಾದರೆ ಬೇಸಿಗೆಯಲ್ಲಿ ಸಾವಿರ ಅಡಿ ಕೊಳವೆಬಾವಿಯೂ ಬತ್ತಿ ಟ್ಯಾಂಕರಿಗೆ ಕಾಯಬೇಕು. ಒಂದು ಕಾಲಕ್ಕೆ ಹೆಸರಘಟ್ಟದಿಂದ ನಗರಕ್ಕೆ ಕುಡಿಯುವ ನೀರು ಹೋಯಿತು. ಈಗ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಗರ ತಾನು ಬಳಸಿದ ನೀರನ್ನು ಸಂಸ್ಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕಳಿಸುತ್ತಿದೆ. ಕೊಡುಕೊಳ್ಳುವಿಕೆ ಎಂದರೆ ಇದೂ ಒಂದು.

ಇಷ್ಟೆಲ್ಲ ಕೇಳಿ ಹಳ್ಳಿಯೇ ಬೇಡ ಎನ್ನಬೇಕಾಗಿಲ್ಲ. ಹೋಗಿ ಬದುಕುವುದಾದರೆ ಅದಕ್ಕೆ ಅರ್ಥವಿದೆ. ಬದುಕುವವನು ಡೇರಿಗೆ ಹಾಲು ಹಾಕುವವರ ಜೊತೆ ಮಾತಾಡುತ್ತಾನೆ, ಪಂಚಾಯಿತಿಯ ಗ್ರಾಮಸಭೆಯಲ್ಲಿ ಕೆರೆ ಒತ್ತುವರಿ ಬಗ್ಗೆ ಕೇಳುತ್ತಾನೆ. ಅವನ ಮಕ್ಕಳು ಊರಿನ ಮಕ್ಕಳ ಜೊತೆ ಒಂದೇ ಬಸ್ಸು ಹಿಡಿಯುತ್ತಾರೆ. ಬೇಲಿ ಹಾಕಿ, ಬೋರ್ಡು ನೆಟ್ಟು, ಬೆಲೆ ಏರಲಿ ಎಂದು ಬಿಟ್ಟುಹೋದವನ ಸೈಟಿನಲ್ಲಿ ಪಾರ್ಥೇನಿಯಂ ಬೆಳೆಯುತ್ತದೆ. ಆ ಪಾರ್ಥೇನಿಯಂ ಇರುವಲ್ಲಿ ಹಿಂದೆ ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯೋ, ರಾಗಿಯೋ ಇತ್ತು.

ಬೆಲೆಯೇ ಎಲ್ಲ ಅಲ್ಲ ಎಂದು ಊರಿನವರೇ ತೋರಿಸಿಕೊಟ್ಟದ್ದೂ ಇದೇ ದಿಕ್ಕಿನಲ್ಲಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆಯನ್ನು ಕೈಗಾರಿಕೆಗೆಂದು ಪಡೆಯಲು ಹೊರಟಾಗ 2022ರಿಂದ ರೈತರು ಧರಣಿ ಕೂತರು. ಮೂರು ವರ್ಷ ದಾಟಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ವಿಮಾನ ನಿಲ್ದಾಣದ ಮಗ್ಗುಲಿನಲ್ಲಿ ಕೂತ ಆ ಜನಕ್ಕೆ ಚದರಡಿಯ ಬೆಲೆ ಗೊತ್ತಿರಲಿಲ್ಲ ಎಂದೇನಲ್ಲ.

ಕೊಳ್ಳಲೇಬೇಕು ಎನ್ನುವ ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಗೆ ಕಾಗದ ಕೊಡುವುದು ಒಳ್ಳೆಯದು. ಪಹಣಿ 2000ದ ಆಚೀಚೆ ಬಂದ ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿನಲ್ಲಿದೆ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪನ್ನು ಫೋನಿಗೆ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಕಾಲಡಿಯ ನೆಲದ ಸರ್ವೆ ನಂಬರು ತಿಳಿಯುತ್ತದೆ. ಕೆರೆ, ಕಾಲುವೆ ಎಷ್ಟು ಹತ್ತಿರ ಎಂಬುದೂ ಕಾಣುತ್ತದೆ. ಭಾನುವಾರ ಏಜೆಂಟನ ಕಾರಿನಲ್ಲಿ ಹೋಗುವುದಕ್ಕಿಂತ ಬುಧವಾರ ಬಸ್ಸಿನಲ್ಲಿ ಹೋಗುವುದು ವಾಸಿ. ವಕೀಲರಿಗೆ ತೋರಿಸುವುದು ಹೇಗೂ ಇದ್ದೇ ಇದೆ.

ಆ ಕಾಗದಗಳ ನಡುವೆ ಮಾರುವವನ ಮನೆಯ ವಂಶವೃಕ್ಷ ಇರಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ 2005ರಲ್ಲಿ ತಂದಿತು, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ಸಹಿ ಹಾಕಲು ಅಪ್ಪ, ಅಣ್ಣ, ತಮ್ಮ ಬರುತ್ತಾರೆ. ‘ಹೆಣ್ಣುಮಕ್ಕಳು ಕೇಳುವುದಿಲ್ಲ ಬಿಡಿ ಸಾರ್’ ಎನ್ನುತ್ತಾರೆ. ಆ ಹೆಣ್ಣುಮಗಳು ಈಗ ಯಲಹಂಕದ ಯಾವುದೋ ಕಾಲೇಜಿನಲ್ಲಿ, ಕೊಳ್ಳುವವನ ಮಗಳ ಪಕ್ಕದ ಬೆಂಚಿನಲ್ಲೇ, ಬಿ.ಕಾಂ. ಓದುತ್ತಿರಬಹುದು. ಅವಳ ಪಠ್ಯದಲ್ಲೂ ವ್ಯವಹಾರ ಕಾನೂನು ಎಂಬ ವಿಷಯ ಇದ್ದರೆ ಆಶ್ಚರ್ಯವಿಲ್ಲ.